ಬಣ್ಣ ಹಚ್ಚಿದವರು ಚಿತ್ರವನ್ನು ನೋಡಲಿಲ್ಲ

ಎದೆಯ ಮುಂದೆ ಕೈಕಟ್ಟಿ ಒಮ್ಮೆ ಕಣ್ಣು ಮಿಟುಕಿಸಿದರೆ ಸಾಕು, ಬೇಕಾದದ್ದು ಪ್ರತ್ಯಕ್ಷ. ತೊಂಬತ್ತರ ದಶಕದಲ್ಲಿ ಸೋನಿ ಚಾನೆಲ್ಲಿನಲ್ಲಿ ಹಿಂದಿಗೆ ಡಬ್ ಆಗಿ ಬರುತ್ತಿದ್ದ 'ಐ ಡ್ರೀಮ್ ಆಫ್ ಜೀನಿ' ಧಾರಾವಾಹಿ ನೋಡಿದ ಮಕ್ಕಳಿಗೆ ಇದೊಂದು ಆಟವೇ ಆಗಿಬಿಟ್ಟಿತ್ತು. ಮಕ್ಕಳ ಜೊತೆ ಕೂತು ನಾವೂ ನಕ್ಕಿದ್ದೇವೆ. ಅದನ್ನು ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು. ನಗಲು ಬಾರದವರು ಮಾತ್ರ ಇಂಥ ತಕರಾರು ಎತ್ತುತ್ತಾರೆ ಎಂಬ ಆರೋಪಕ್ಕೆ ಆಗ ಎಡೆಯಿರುವುದಿಲ್ಲ.

ಈ ಧಾರಾವಾಹಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1965ರ ಸೆಪ್ಟೆಂಬರ್ 18ರಂದು ಶುರುವಾಗಿ 1970ರವರೆಗೆ 139 ಕಂತುಗಳಲ್ಲಿ ಮೂಡಿಬಂತು. ಫುಟ್‌ಪಾತ್ ಅಂಗಡಿಗಳ ರೋಚಕ ಕಾದಂಬರಿಗಳಿಂದ ನಮ್ಮವರಿಗೆಲ್ಲ ಪರಿಚಿತನಾದ ಸಿಡ್ನಿ ಶೆಲ್ಡನ್ ಇದರ ಸೃಷ್ಟಿಕರ್ತ. ಮೊದಲ ಸೀಸನ್ನಿನ 30 ಕಂತುಗಳು ಕಪ್ಪು-ಬಿಳುಪಿನಲ್ಲಿದ್ದವು. ಎನ್‌ಬಿಸಿಯ ಸಂಜೆಯ ಕಾರ್ಯಕ್ರಮಗಳೆಲ್ಲ ಹೆಚ್ಚುಕಡಿಮೆ ಬಣ್ಣಕ್ಕೆ ತಿರುಗಿದ್ದ ವರ್ಷ ಅದು. ಬಣ್ಣದ ಹೆಚ್ಚುವರಿ ಖರ್ಚನ್ನು ತಾನೇ ಕೊಡುತ್ತೇನೆಂದರೂ ಸ್ಟುಡಿಯೋ ಒಪ್ಪಲಿಲ್ಲ ಎಂದು ಶೆಲ್ಡನ್ ಹೇಳಿಕೊಂಡಿದ್ದಾನೆ. 2006ರ ಮಾರ್ಚ್‌ನಲ್ಲಿ ಸೋನಿಯ ಹೋಮ್ ವಿಡಿಯೋ ವಿಭಾಗ ಆ ಮೊದಲ ಸೀಸನ್ನನ್ನು ಡಿವಿಡಿಯಲ್ಲಿ ಹೊರತಂದಿತು. ಅದೂ ಎರಡು ರೂಪದಲ್ಲಿ: ಮೂಲದ ಕಪ್ಪು-ಬಿಳುಪು ಒಂದು, ಕಂಪ್ಯೂಟರಿನಿಂದ ಬಣ್ಣ ಹಚ್ಚಿದ್ದು ಇನ್ನೊಂದು.

ಹಳೆಯ ಚಿತ್ರಕ್ಕೆ ಬಣ್ಣ ಹಚ್ಚುವುದು ಸರಿಯೋ ತಪ್ಪೋ ಎಂಬುದು ರಸಿಕರ ಹಳೆಯ ಜಗಳ. ನಮ್ಮ ಜಗಳ ಅದಲ್ಲ. ಜೀನಿಯ ಬಟ್ಟೆ ಗುಲಾಬಿಯೋ ಬೂದಿಯೋ ಎಂದು ಇಷ್ಟು ತಲೆ ಕೆಡಿಸಿಕೊಂಡವರು, ಆ ಚಿತ್ರ ಹೇಳುತ್ತಿರುವುದೇನು ಎಂದು ಒಮ್ಮೆಯಾದರೂ ಕೇಳಿಕೊಂಡರೇ?

ಮೊದಲ ಕಂತನ್ನೇ ನೋಡಿ. ಬಾಹ್ಯಾಕಾಶದಿಂದ ಮರಳಿದ ವಾಯುಪಡೆಯ ಕ್ಯಾಪ್ಟನ್ ಟೋನಿ ನೆಲ್ಸನ್ ನಿರ್ಜನ ದ್ವೀಪವೊಂದರಲ್ಲಿ ಇಳಿಯುತ್ತಾನೆ. ಅಲ್ಲಿ ಸಿಕ್ಕ ಬಾಟಲಿಯನ್ನು ಉಜ್ಜಿದಾಗ ಹೊಗೆಯೊಡನೆ ಜೀನಿ ಹೊರಬರುತ್ತಾಳೆ. ಅವಳಾಡುವುದು ಪರ್ಷಿಯನ್. ಇವಳಿಗೆ ಇಂಗ್ಲಿಷ್ ಬಂದಿದ್ದರೆ ಎಂದು ಅವನು ಬಯಸಿದ್ದೇ ತಡ, ಅವಳ ನಾಲಗೆಯಲ್ಲಿ ಇಂಗ್ಲಿಷ್. ಅವನು ಅವಳಿಗೆ ಬಿಡುಗಡೆ ಕೊಟ್ಟು ಹೋಗು ಎನ್ನುತ್ತಾನೆ. ಅವಳು ಹೋಗುವುದಿಲ್ಲ. ಬಾಟಲಿಯ ಸಮೇತ ಅವನ ಚೀಲದೊಳಗೆ ಸೇರಿಕೊಂಡು ಅಮೆರಿಕಕ್ಕೆ ಬಂದು, ಅವನನ್ನು 'ಮಾಸ್ಟರ್' ಎಂದು ಕರೆಯುತ್ತ ಉಳಿಯುತ್ತಾಳೆ. ಧಾರಾವಾಹಿಯ ಪ್ರೇಮಕಥೆ ಇಲ್ಲಿಂದ ಶುರು.

ಬಿಡುಗಡೆ ಕೊಟ್ಟರೂ ಬೇಡವೆನ್ನುವ ದಾಸಿ! ಒಡೆಯರು ತಮ್ಮ ಸಮಾಧಾನಕ್ಕೆ ಕಟ್ಟಿಕೊಂಡ ಅತ್ಯಂತ ಹಳೆಯ ಕಥೆ ಇದು. ಕರಿಯರ ಮತದಾನದ ಹಕ್ಕನ್ನು ರಕ್ಷಿಸುವ ಕಾನೂನಿಗೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ್ದು 1965ರ ಆಗಸ್ಟ್ 6ರಂದು. ಆರು ವಾರ ಕಳೆಯುತ್ತಲೇ, ಆ ಹೋರಾಟ ನಡೆದ ದಕ್ಷಿಣದ್ದೇ ರಾಜ್ಯವಾದ ಫ್ಲಾರಿಡಾದ ಮನೆಯೊಂದರಲ್ಲಿ ಸಂತೋಷವಾಗಿರುವ ದಾಸಿಯೊಬ್ಬಳನ್ನು ಟಿವಿ ತೋರಿಸಿತು. ಅವಳು ದೂರದ ಬಾಗ್ದಾದಿನವಳಾದ್ದರಿಂದ ಯಾರಿಗೂ ಮುಜುಗರವಾಗಲಿಲ್ಲ.

ಈ ಜೀನಿ ಬಂದದ್ದಾದರೂ ಎಲ್ಲಿಂದ? ಕುರ್‌ಆನಿನಲ್ಲಿ ಜಿನ್ನ್‌ಗಳ ಹೆಸರಿನದೇ ಒಂದು ಅಧ್ಯಾಯವಿದೆ, 72ನೆಯದು. ಅಲ್ಲಿ ಅವರು ಕೇಳುತ್ತಾರೆ, ಯೋಚಿಸುತ್ತಾರೆ, ಕೆಲವರು ನಂಬುತ್ತಾರೆ, ಕೆಲವರು ದಾರಿ ತಪ್ಪುತ್ತಾರೆ. ಮನುಷ್ಯರಂತೆಯೇ ತಮ್ಮ ಕರ್ಮಕ್ಕೆ ತಾವೇ ಉತ್ತರ ಹೇಳಬೇಕಾದವರು. ಬಾಟಲಿಯ ಜಿನ್ನ್ ಸಿಗುವುದು ಅರೇಬಿಯನ್ ನೈಟ್ಸ್‌ನ ಬೆಸ್ತನ ಕಥೆಯಲ್ಲಿ. ಅವನಂತೂ ಬಿಡಿಸಿದವನನ್ನೇ ಕೊಲ್ಲಲು ಹೊರಡುತ್ತಾನೆ. 1964ರ 'ದಿ ಬ್ರಾಸ್ ಬಾಟಲ್' ಎಂಬ ಹಾಲಿವುಡ್ ಹಾಸ್ಯಚಿತ್ರದಲ್ಲೂ ಬಾಟಲಿಯಿಂದ ಹೊರಬರುವವನು ದಪ್ಪ ಮೈಯ ಗಂಡಸು. ಅದರ ನಾಯಕಿಯಾಗಿದ್ದ ಬಾರ್ಬರಾ ಈಡನ್ ಮರುವರ್ಷ ತಾನೇ ಬಾಟಲಿಯೊಳಗೆ ಹೋದಳು. ಜಿನ್ನ್ ಹೆಣ್ಣಾದ ಕೂಡಲೇ ಸಿಟ್ಟು ಹೋಯಿತು, ಸೇವೆ ಉಳಿಯಿತು. ಆ ಬಾಟಲಿಯೂ ಜಿಮ್ ಬೀಮ್ ವಿಸ್ಕಿಯ ಅಲಂಕಾರದ ಸೀಸೆ!

ಇನ್ನು ಬಾಗ್ದಾದ್. ಜೀನಿಗೆ ಎರಡು ಸಾವಿರ ವರ್ಷ ವಯಸ್ಸು, ತವರು ಬಾಗ್ದಾದ್. ಖಲೀಫಾ ಮನ್ಸೂರ್ ಬಾಗ್ದಾದನ್ನು ಕಟ್ಟಿಸಿದ್ದು 762ರಲ್ಲಿ. ಹಾಸ್ಯದಲ್ಲಿ ಇತಿಹಾಸ ಹುಡುಕಬಾರದು, ಒಪ್ಪಿದೆವು. ಆದರೆ ವರ್ತಮಾನ? 1959ರಲ್ಲೇ ಅದೇ ಬಾಗ್ದಾದಿನಲ್ಲಿ ನಝೀಹಾ ಅಲ್ ದುಲೈಮಿ ಎಂಬ ವೈದ್ಯೆ ಮಂತ್ರಿಯಾಗಿದ್ದರು. ಅರಬ್ ಜಗತ್ತಿನ ಮೊದಲ ಮಹಿಳಾ ಮಂತ್ರಿ ಆಕೆ. ಆರು ವರ್ಷಗಳ ನಂತರ ಕೋಟ್ಯಂತರ ಮನೆಗಳು ಬಾಗ್ದಾದಿನ ಹೆಣ್ಣು ಎಂದು ಗುರುತಿಸಿದ್ದು ಮಂತ್ರಿಯನ್ನಲ್ಲ, ಬಾಟಲಿಯವಳನ್ನು.

ಎನ್‌ಬಿಸಿಗೂ ನೈತಿಕತೆಯ ಚಿಂತೆ ಇರಲಿಲ್ಲವೆಂದಲ್ಲ. ಜೀನಿಯ ಹೊಕ್ಕುಳು ಕಾಣಬಾರದು ಎಂದು ಅದು ಪಟ್ಟು ಹಿಡಿದಿತ್ತು. ಹೆಣ್ಣಿನ ಬಟ್ಟೆಯನ್ನು ಅಂಗುಲದಲ್ಲಿ ಅಳೆಯುವವರು ನಮ್ಮ ಮೌಲವಿಗಳು ಮಾತ್ರ ಎಂದುಕೊಂಡವರು ಇದನ್ನು ಗಮನಿಸಲಿ. ಹೊಕ್ಕುಳಿಗೆ ನಾಚಿದವರು 'ಮಾಸ್ಟರ್' ಎಂಬ ಮಾತಿಗೆ ನಾಚಲಿಲ್ಲ.

ಅದು ಆ ಕಾಲ ಎನ್ನಬಹುದು. ಆದರೆ ಡಿವಿಡಿ ಬಂದದ್ದು 2006ರಲ್ಲಿ. ಆಗ ಇರಾಕ್ ಮೇಲೆ ಅಮೆರಿಕ ದಾಳಿ ಮಾಡಿ ಮೂರು ವರ್ಷವಾಗುತ್ತಿತ್ತು. ಅಬು ಗರೈಬ್ ಜೈಲಿನ ಚಿತ್ರಗಳನ್ನು 2004ರಲ್ಲೇ ಜಗತ್ತು ನೋಡಿತ್ತು. 2006ರ ಫೆಬ್ರವರಿ 22ರಂದು ಸಮರಾದ ಅಸ್ಕರಿ ಮಸೀದಿಯ ಚಿನ್ನದ ಗುಮ್ಮಟ ಸ್ಫೋಟದಲ್ಲಿ ಉರುಳಿತು. ಬೆನ್ನಿಗೇ ಬಾಗ್ದಾದಿನ ಬೀದಿಗಳಲ್ಲಿ ಶಿಯಾ-ಸುನ್ನಿ ಹತ್ಯೆಗಳು ಹಬ್ಬಿದವು. ಆ ದಿನಗಳಲ್ಲೇ ಬಾಗ್ದಾದಿನ ಚೆಲುವೆ ಹೊಸ ಬಣ್ಣದಲ್ಲಿ ಅಂಗಡಿಗೆ ಬಂದಳು. ಒಂದು ಹಾಸ್ಯ ಧಾರಾವಾಹಿ ಯುದ್ಧ ತಂದಿತು ಎಂದು ನಾವು ಹೇಳುತ್ತಿಲ್ಲ, ಅಷ್ಟು ಹುಂಬರಲ್ಲ. ಒಂದು ಊರಿನ ಹೆಸರು ಕೇಳಿದಾಗ ಅಲ್ಲಿನ ಡಾಕ್ಟರು, ಮೇಷ್ಟರು, ಶಾಲೆಗೆ ಹೋಗುವ ಹುಡುಗಿ ಯಾರೂ ನೆನಪಿಗೆ ಬಾರದೆ ಬರೀ ಹೊಗೆ ಮತ್ತು ಬಾಟಲಿ ನೆನಪಾದರೆ, ಆ ಊರಿನ ಸಾವಿನ ಸುದ್ದಿಯೂ ಅಷ್ಟೇ ಹಗುರಾಗುತ್ತದೆ. ನಾವು ಹೇಳುತ್ತಿರುವುದು ಇಷ್ಟೇ.

ಜೀನಿ ಮಾತು ಕೇಳುವವಳೇ ಅಲ್ಲ, ಟೋನಿಯನ್ನು ಕುಣಿಸುವವಳೇ ಅವಳು ಎಂದು ಅಭಿಮಾನಿಗಳು ವಾದಿಸುತ್ತಾರೆ. ನಿಜ, ನಗು ಹುಟ್ಟುವುದೇ ಅಲ್ಲಿ. ಆದರೆ ಎಲ್ಲವನ್ನೂ ಮಾಡಬಲ್ಲ ಹೆಣ್ಣು ತನಗಾಗಿ ಬಯಸುವುದು ಆ ಒಡೆಯನನ್ನು ಮಾತ್ರ. ಅಷ್ಟು ಶಕ್ತಿ ಇದ್ದೂ ತನ್ನ ಊರಿನ, ತನ್ನ ಜನರ ಚಿಂತೆ ಅವಳಿಗಿಲ್ಲ.

ಹಾಗೆಂದು ಬೆರಳನ್ನು ಹೊರಗಡೆಗೆ ಮಾತ್ರ ತೋರಿಸಿ ನಾವು ಪಾರಾಗುವಂತಿಲ್ಲ. ಜಿನ್ನ್ ಬಾಧೆ ಎಂದು ಹೆದರಿಸಿ ತಾಯಿತ ಕಟ್ಟಿ ದುಡ್ಡು ಕೀಳುವವರು ನಮ್ಮ ಬೀದಿಗಳಲ್ಲೂ ಇದ್ದಾರೆ. ಅವರ ಮುಂದೆ ತಂದು ಕೂರಿಸುವುದು ಹೆಚ್ಚಾಗಿ ಮಾತು ಕೇಳದ ಸೊಸೆಯನ್ನೇ. ಹೆಣ್ಣನ್ನು ಬಾಟಲಿಗೆ ಇಳಿಸಲು ನಮಗೆ ಹಾಲಿವುಡ್ ಕಲಿಸಬೇಕಾಗಿಲ್ಲ.

ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ನಿಷೇಧದಿಂದ ಯಾರ ಕಣ್ಣೂ ತೆರೆಯುವುದಿಲ್ಲ. ದಾರಿ ಬೇರೆ ಇದೆ. 2005ರಲ್ಲಿ ವಾರ್ನರ್ ಕಂಪನಿ ತನ್ನ ಹಳೆಯ ಲೂನಿ ಟ್ಯೂನ್ಸ್ ಕಾರ್ಟೂನುಗಳ ಮೂರನೇ ಡಿವಿಡಿ ಸಂಪುಟ ತಂದಾಗ, ನಟಿ ವೂಪಿ ಗೋಲ್ಡ್‌ಬರ್ಗ್ ಆರಂಭದಲ್ಲಿ ನಿಂತು, ಇವುಗಳಲ್ಲಿರುವ ಜನಾಂಗೀಯ ಗೇಲಿ ಅಂದೂ ತಪ್ಪು, ಇಂದೂ ತಪ್ಪು ಎಂಬರ್ಥದ ಮಾತು ಹೇಳಿದರು. ಕಾರ್ಟೂನನ್ನು ಯಾರೂ ಕತ್ತರಿಸಲಿಲ್ಲ. ನಗು ಕಡಿಮೆಯಾಗಲಿಲ್ಲ. ಮುಂದೆ 'ಜೀನಿ'ಯನ್ನು ಯಾವ ರೂಪದಲ್ಲಿ ಮಾರಿದರೂ ಇಂಥ ಎರಡು ಮಾತು ಅದರ ಜೊತೆಗಿರಲಿ. ಮೂವತ್ತು ಕಂತುಗಳ ಒಂದೊಂದು ಚೌಕಟ್ಟಿಗೂ ಬಣ್ಣ ಹಚ್ಚುವ ತಾಳ್ಮೆ ಇದ್ದವರಿಗೆ ಇದು ಭಾರವಲ್ಲ.

ಅವರು ಸೇರಿಸದಿದ್ದರೆ ನಾವೇ ಹೇಳೋಣ. ಮನೆಯಲ್ಲಿ ಮಕ್ಕಳು ಕಣ್ಣು ಮಿಟುಕಿಸಿ ಆಡುವಾಗ ಗದರುವುದು ಬೇಡ. ಪಕ್ಕದಲ್ಲಿ ಕೂತು, ಬಾಗ್ದಾದಿನಲ್ಲಿ ನಝೀಹಾ ಎಂಬ ಡಾಕ್ಟರಮ್ಮ ಇದ್ದರು, ಅವರು ಮಂತ್ರಿಯಾಗಿದ್ದರು ಎಂದು ಹೇಳೋಣ.