ಅಳಿಸೋ ಮುಂಚೆ ಇನ್ನೊಂದ್ಸಲ ನೋಡೋಣ

ಹೋದ ಸೆಮಿಸ್ಟರ್ ಲ್ಯಾಬ್‌ನಲ್ಲಿ ಆಂಪ್ಲಿಫೈಯರ್‌ನ ಫ್ರೀಕ್ವೆನ್ಸಿ ರೆಸ್ಪಾನ್ಸ್ ತೆಗೀತಿದ್ವಿ. ಎರಡು ರೀಡಿಂಗ್ ಗ್ರಾಫ್‌ಗೆ ಕೂರಲಿಲ್ಲ. ನಾನು ಅದನ್ನ ಅಳಿಸಿ, ಸೀನಿಯರ್ ರೆಕಾರ್ಡ್ ನೋಡಿ ಬರೆದೆ. ಫುಲ್ ಮಾರ್ಕ್ಸ್ ಬಂತು. ಆಮೇಲೆ ಗೊತ್ತಾಯ್ತು, ಪಕ್ಕದ ಬ್ಯಾಚ್‌ಗೂ ಅದೇ ಫ್ರೀಕ್ವೆನ್ಸಿಯಲ್ಲಿ ಹಾಗೇ ಬಂದಿತ್ತು. ಅವರೂ ಅಳಿಸಿದ್ರು. ಕಾರಣ ಏನಂತ ಇನ್ನು ಯಾರಿಗೂ ಗೊತ್ತಾಗಲ್ಲ.

ಮಾಲಿನ್ 1 ಗೆಲಾಕ್ಸಿ ಬಗ್ಗೆ ಓದುವಾಗ ಇದು ನೆನಪಾಯ್ತು. ಡೇವಿಡ್ ಮಾಲಿನ್ ಓದಿದ್ದು ಕೆಮಿಸ್ಟ್ರಿ. ಆಸ್ಟ್ರೇಲಿಯಾದ ಒಂದು ವೀಕ್ಷಣಾಲಯದಲ್ಲಿ ಫೋಟೋಗ್ರಫಿ ಅವರ ಕೆಲಸವಾಗಿತ್ತು. ತೀರಾ ಮಸುಕಾದ ಬೆಳಕಿನ ಗುರುತು ಫೋಟೋ ಪ್ಲೇಟಿನ ಮೇಲ್ಪದರದಲ್ಲೇ ಇರುತ್ತೆ. ಅದನ್ನಷ್ಟೇ ಹೈ ಕಾಂಟ್ರಾಸ್ಟ್ ಫಿಲ್ಮ್‌ಗೆ ಇಳಿಸುವ ವಿಧಾನ ಅವರದು. ಹಾಗೆ ಕನ್ಯಾ ಗೆಲಾಕ್ಸಿ ಸಮೂಹದ ಪ್ಲೇಟ್‌ಗಳನ್ನು ನೋಡುವಾಗ 1986ರಲ್ಲಿ ಒಂದು ಮಬ್ಬು ಕಲೆ ಕಂಡಿತು.

ಅದು ಆ ಸಮೂಹದ್ದಲ್ಲ, ಅದರಾಚೆ ಸುಮಾರು 120 ಕೋಟಿ ಜ್ಯೋತಿರ್ವರ್ಷ ದೂರದ್ದು! ಅಗಲ ಸುಮಾರು 6.5 ಲಕ್ಷ ಜ್ಯೋತಿರ್ವರ್ಷ, ನಮ್ಮ ಕ್ಷೀರಪಥದ ಆರು ಪಟ್ಟು. ಮಧ್ಯದಲ್ಲಿ ಪಟ್ಟಿ ಇರುವ ಸುರುಳಿ ಗೆಲಾಕ್ಸಿ ಅಂತ ಹಬಲ್ ಚಿತ್ರಗಳಿಂದ ಆಮೇಲೆ ತಿಳೀತು. ಅಷ್ಟು ದೊಡ್ಡದು ಅಷ್ಟು ದಿನ ಕಾಣದೆ ಇದ್ದದ್ದು ಯಾಕೆ? ಅದರ ಬೆಳಕು ರಾತ್ರಿ ಆಕಾಶದ ಸ್ವಂತ ಹೊಳಪಿಗಿಂತ ತುಂಬಾ ಕಡಿಮೆ. ಇಂಥವು ನಮ್ಮ ಕಣ್ತಪ್ಪಿರಬಹುದು ಅಂತ ಮೈಕ್ ಡಿಸ್ನಿ 1976ರಲ್ಲೇ ಬರೆದಿದ್ದರು.

ಹಾಗಂತ ಎಲ್ಲ ನಾಯ್ಸೂ ಗೆಲಾಕ್ಸಿ ಅಲ್ಲ. ಪ್ರೋಬ್ ಲೂಸ್ ಇದ್ರೂ ರೀಡಿಂಗ್ ಕೆಡುತ್ತೆ. ಮಾಲಿನ್ 1 ಕೂಡ ಬರೀ ಕಲೆ ನೋಡಿ ಒಪ್ಪಿದ್ದಲ್ಲ. ಸ್ಪೆಕ್ಟ್ರಮ್ ತೆಗೆದು, ರೇಡಿಯೋ ಟೆಲಿಸ್ಕೋಪ್‌ನಲ್ಲಿ ಹೈಡ್ರೋಜನ್ ಅಳೆದು ಒಪ್ಪಿದ್ದು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ತಯಾರಾದ, ಆಸ್ಟ್ರೋಸ್ಯಾಟ್‌ನಲ್ಲಿರುವ ಅಲ್ಟ್ರಾವಯಲೆಟ್ ಟೆಲಿಸ್ಕೋಪ್ ಕೂಡ ಅದನ್ನ ನೋಡಿದೆ. ಅನುಮಾನ ಬಂದ್ರೆ ಮತ್ತೆ ಅಳೀಬೇಕು, ಅಳಿಸಬಾರದು.

"ಮಾರ್ಕ್ಸ್ ಹೋದ್ರೆ ನೀನ್ ಕೊಡ್ತೀಯಾ?" ಅಂತ ಕೇಳ್ತೀರ. ನಿಜ, ಆ ಭಯ ನನಗೂ ಇದೆ. ಆದ್ರೆ ನಾಳೆ ನಾವು ಸೇತುವೆ, ಬ್ರೇಕ್, ಬ್ಯಾಟರಿ ಟೆಸ್ಟ್ ಮಾಡೋರು. ಅಲ್ಲಿ ಕೂರದ ರೀಡಿಂಗ್ ಅಳಿಸಿದ್ರೆ ಹೋಗೋದು ಮಾರ್ಕ್ಸ್ ಅಲ್ಲ. ಅದಕ್ಕೆ ಈ ಸೆಮಿಸ್ಟರ್‌ನಿಂದ ವಿಚಿತ್ರ ರೀಡಿಂಗ್ ಬಂದ್ರೆ ಮೂರು ಸಲ ತೆಗೆದು, ಆಗ್ಲೂ ಹಾಗೇ ಬಂದ್ರೆ ಹಾಗೇ ಬರೀತೀನಿ. ವೈವಾದಲ್ಲಿ ಕೇಳಿದ್ರೆ "ಗೊತ್ತಿಲ್ಲ ಸರ್, ಆದ್ರೆ ಬಂದಿದ್ದು ಇದೇ" ಅಂತೀನಿ. ನೀವೂ ಹೇಳ್ತೀರಾ?