ಮೊದಲ ಪ್ರೈಮ್ ಲೆನ್ಸ್: ನನ್ನ ಮತ 35ಕ್ಕೆ

ಸಾಗರದ ನಮ್ಮ ಸ್ಟುಡಿಯೋ ಕೌಂಟರಿನಲ್ಲಿ ಈಚೆಗೆ ಹೆಚ್ಚು ಕೇಳಿಬರುವ ಪ್ರಶ್ನೆ ಇದು: "ಅಕ್ಕಾ, 35 ತಗೊಳ್ಳಲಾ, 50 ತಗೊಳ್ಳಲಾ?" ಕೇಳುವವರು ಫೋಟೊಗ್ರಫಿಯನ್ನೇ ಕಸುಬು ಮಾಡಿಕೊಂಡವರಲ್ಲ. ಮಗು ಹುಟ್ಟಿತೆಂದು ಕ್ಯಾಮೆರಾ ಕೊಂಡವರು, ಅಣ್ಣನ ಹಳೆಯ ನಿಕಾನ್ ಡಿ5300 ಕೈಗೆ ಬಂದ ಕಾಲೇಜು ಹುಡುಗಿಯರು, ನಿವೃತ್ತರಾಗಿ ಊರಮನೆಗೆ ಮರಳಿದ ಮೇಷ್ಟ್ರುಗಳು. ಕ್ಯಾಮೆರಾ ಜೊತೆ ಬಂದ 18-55 ಲೆನ್ಸಿನಲ್ಲಿ ಮನೆಯೊಳಗೆ ತೆಗೆದದ್ದೆಲ್ಲ ಮಂಕಾಗಿ, ಕಾಳುಕಾಳಾಗಿ ಬರುತ್ತಿದೆ. ಎಫ್ 1.8ರ ಪ್ರೈಮ್ ಲೆನ್ಸ್, ಅಂದರೆ ಝೂಮ್ ಆಗದ ಲೆನ್ಸ್, ಹಾಕಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಅದು ನಿಜ. ಜೊತೆಗೇ "ಕಣ್ಣು ಮುಚ್ಚಿ 50 ತಗೋ" ಎಂದೂ ಹೇಳಿರುತ್ತಾರೆ. ನನ್ನ ತಕರಾರು ಆ ಎರಡನೆಯ ಮಾತಿನ ಮೇಲೆ. ಕ್ರಾಪ್ ಸೆನ್ಸರ್, ಅಂದರೆ ಫಿಲ್ಮ್ ಚೌಕಟ್ಟಿಗಿಂತ ಸಣ್ಣ ಸೆನ್ಸರ್ ಇರುವ ಕ್ಯಾಮೆರಾದಲ್ಲಿ ತಮ್ಮ ಮನೆಯ, ತಮ್ಮವರ ಚಿತ್ರ ತೆಗೆಯಬೇಕೆನ್ನುವವರ ಮೊದಲ ಪ್ರೈಮ್ ಲೆನ್ಸ್ 35 ಮಿ.ಮೀ. ಆಗಿರಬೇಕು.

ಒಳಬಿಡುವ ಬೆಳಕಿನಲ್ಲಿ ಎರಡೂ ಸಮವೇ. 18-55 ಅನ್ನು 55ಕ್ಕೆ ತಿರುಗಿಸಿದರೆ ಅದರ ಅಪರ್ಚರ್ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ. ಎಫ್ 1.8 ಅದರ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಬಿಡುತ್ತದೆ. ಐಎಸ್ಒ 6400 ಇಡಬೇಕಿದ್ದ ಕಡೆ 800ಕ್ಕೂ ಕೆಳಗೆ ಇಳಿಯಬಹುದು. ಹೆಂಚಿನ ಮಾಡು, ಹೊಗೆ ಹಿಡಿದ ತೊಲೆ, ನಡುಹಗಲಲ್ಲೂ ಮಬ್ಬಾಗಿರುವ ಒಳಮನೆ, ಒಂದೋ ಎರಡೋ ಗಾಜಿನ ಹೆಂಚಿನಿಂದ ಇಳಿಯುವ ಬೆಳಕು. ನಮ್ಮ ಮಲೆನಾಡಿನ ಮನೆಗಳಲ್ಲಿ ಫ್ಲ್ಯಾಶ್ ಹಾಕದೆ ಚಿತ್ರ ತೆಗೆಯಬೇಕೆಂದರೆ ಇಂಥ ಲೆನ್ಸ್ ಬೇಕೇ ಬೇಕು. ಪ್ರಶ್ನೆ ಇರುವುದು ಲೆನ್ಸ್ ಎಷ್ಟು ಅಗಲ ನೋಡುತ್ತದೆ ಎನ್ನುವುದರಲ್ಲಿ.

50ಕ್ಕೆ ಬಂದ ಹೆಸರು ಫಿಲ್ಮ್ ಕಾಲದ್ದು. 1925ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಲೈಕಾ ಕ್ಯಾಮೆರಾದಲ್ಲಿ ಇದ್ದದ್ದು 50 ಮಿ.ಮೀ. ಲೆನ್ಸ್. ಆಮೇಲಿನ ದಶಕಗಳಲ್ಲಿ ಫಿಲ್ಮ್ ಎಸ್‌ಎಲ್‌ಆರ್ ಕೊಂಡವರಿಗೆ ಸಾಮಾನ್ಯವಾಗಿ ಅದರೊಂದಿಗೇ ಒಂದು 50 ಸಿಗುತ್ತಿತ್ತು. ನನ್ನ ಅಪ್ಪ ಕಸುಬು ಕಲಿತದ್ದೂ ಅದರಲ್ಲೇ. ಆದರೆ ಫಿಲ್ಮ್ ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ನಿಕಾನ್ ಕ್ರಾಪ್ ಸೆನ್ಸರ್ ಸುಮಾರು 23.5ಕ್ಕೆ 15.6. ಈ ಸಣ್ಣ ಸೆನ್ಸರಿನ ಮುಂದೆ 50 ಇಟ್ಟರೆ ಅದು ಫಿಲ್ಮಿನ ಮೇಲೆ 75 ಮಿ.ಮೀ. ತೋರುವಷ್ಟನ್ನೇ ತೋರುತ್ತದೆ, ಕ್ಯಾನನ್ ಆದರೆ 80. ಅಪ್ಪನ 50 ನೋಡುತ್ತಿದ್ದ ಹಾಗೆ ನೋಡುವುದು ಇಲ್ಲಿ 35. ಐವತ್ತನ್ನು ಹೊಗಳುವ ಹಿರಿಯ ಫೋಟೊಗ್ರಾಫರುಗಳು ಹೊಗಳುತ್ತಿರುವುದು ಆ ನೋಟವನ್ನು. ಅವರ ಮಾತು ನಂಬಿ ಡಿ5300ಕ್ಕೆ 50 ಕೊಂಡವರಿಗೆ ಸಿಗುವುದು ಬೇರೆಯದೇ ಲೆನ್ಸ್.

50 ಅಗ್ಗವಾಗಿರುವುದಕ್ಕೂ ಒಂದು ಕಾರಣವಿದೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಕನ್ನಡಿ ಮಡಚಿಕೊಳ್ಳಲು ಜಾಗ ಬೇಕು. ನಿಕಾನ್‌ನಲ್ಲಿ ಲೆನ್ಸ್ ಕೂರುವ ಮೌಂಟಿನಿಂದ ಸೆನ್ಸರಿಗೆ 46.5 ಮಿ.ಮೀ., ಕ್ಯಾನನ್‌ನಲ್ಲಿ 44. ಫೋಕಲ್ ಲೆಂತ್, ಅಂದರೆ ಲೆನ್ಸಿನ ಹೆಸರಿನಲ್ಲಿರುವ 35, 50 ಎಂಬ ಸಂಖ್ಯೆ, ಇದಕ್ಕಿಂತ ಹೆಚ್ಚಿದ್ದರೆ ಲೆನ್ಸಿನ ರಚನೆ ಸರಳ, ಆರೇಳು ಗಾಜಿನಲ್ಲಿ ಕೆಲಸ ಮುಗಿಯುತ್ತದೆ. ಕ್ಯಾನನ್ 2015ರಲ್ಲಿ ತಂದ 50 ಎಸ್‌ಟಿಎಂನಲ್ಲಿ ಇರುವುದು ಆರೇ ಗಾಜು. ಫೋಕಲ್ ಲೆಂತ್ ಕಡಿಮೆಯಾದರೆ ಬೆಳಕನ್ನು ಕನ್ನಡಿಯ ಆಚೆಗೆ ದಾಟಿಸಲು ಹೆಚ್ಚಿನ ಗಾಜು, ಹೆಚ್ಚಿನ ಲೆಕ್ಕಾಚಾರ ಬೇಕಾಗುತ್ತದೆ. ನಿಕಾನ್ 2009ರಲ್ಲಿ ಸಣ್ಣ ಸೆನ್ಸರಿಗೆಂದೇ 35 ಎಫ್ 1.8 ಡಿಎಕ್ಸ್ ಮಾಡಿ, 200 ಗ್ರಾಂ ತೂಕದಲ್ಲಿ, ಸಾಮಾನ್ಯರ ಕೈಗೆಟಕುವಂತೆ ಕೊಟ್ಟಿತು. ತಯಾರಿಸುವವರಿಗೆ 50 ಸುಲಭ ಎಂದ ಮಾತ್ರಕ್ಕೆ ನಮ್ಮ ಮನೆಗೆ ಅದು ಹೊಂದಬೇಕೆಂದಿಲ್ಲ.

ಮನೆಯ ಅಳತೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗಳೇ ಹೆಚ್ಚು. ನಿಂತಿರುವ ಒಬ್ಬರನ್ನು ಅಡಿಯಿಂದ ಮುಡಿಯವರೆಗೆ, ತಲೆಯ ಮೇಲೂ ಕಾಲಿನ ಕೆಳಗೂ ಸ್ವಲ್ಪ ಜಾಗ ಬಿಟ್ಟು ಹಿಡಿಯಬೇಕೆಂದರೆ ಎರಡು ಮೀಟರ್ ಎತ್ತರ ಚೌಕಟ್ಟಿನೊಳಗೆ ಬರಬೇಕು. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು 35ರಲ್ಲಿ ಸುಮಾರು ಹತ್ತು ಅಡಿ ಹಿಂದೆ ನಿಂತರೆ ಸಾಕು. 50ರಲ್ಲಿ ಹದಿನಾಲ್ಕು ಅಡಿ ಬೇಕು, ಅಂದರೆ ಗೋಡೆ ದಾಟಿ ಪಕ್ಕದ ಕೋಣೆಗೆ ಹೋಗಬೇಕು. ಮಂಚದ ಮೇಲೆ ಮೂವರು ಮಕ್ಕಳು ಕೂತಿದ್ದರೂ ಇದೇ ಗೋಳು. 50 ಕೊಂಡವರ ಮೆಮೊರಿ ಕಾರ್ಡ್ ನನ್ನ ಕಂಪ್ಯೂಟರಿಗೆ ಹಾಕಿದಾಗ ಮನೆಯೊಳಗಿನ ಚಿತ್ರಗಳಲ್ಲಿ ಕಾಣುವುದು ಬರೀ ಮುಖಗಳು. ಮನೆಯಲ್ಲಿ ಮತ್ತೇನನ್ನೂ ತೆಗೆಯಲು ಆ ಲೆನ್ಸ್ ಅವರಿಗೆ ಜಾಗ ಕೊಟ್ಟಿರುವುದಿಲ್ಲ.

ಎಲ್‌ಇಡಿ ಬಲ್ಬಿನ ಕಥೆಯೂ ಇದಕ್ಕೆ ಸೇರುತ್ತದೆ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಬಲ್ಬುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಚಿತ್ರದಲ್ಲಿ ಪಟ್ಟೆ ಬೀಳುವುದಿಲ್ಲ. 35 ಹಾಕಿಕೊಂಡು 1/50ರಲ್ಲಿ ಕೈ ಅಲುಗದಂತೆ ತೆಗೆಯುವುದು ಹೆಚ್ಚಿನವರಿಗೆ ಸಾಧ್ಯ. 50ರಲ್ಲಿ ಅದು ಕಷ್ಟ, 1/100ಕ್ಕೆ ಹೋಗಬೇಕು, ಹೋದ ಕೂಡಲೇ ಬೆಳಕು ಅರ್ಧಕ್ಕಿಳಿಯುತ್ತದೆ. ಅಪರ್ಚರ್ ಒಂದೇ ಇದ್ದರೂ ಸಂಜೆಯ ಅಡುಗೆಮನೆಯಲ್ಲಿ 35 ಗೆಲ್ಲುವುದು ಹೀಗೆ.

ಇಷ್ಟೆಲ್ಲ ಹೇಳಿದ ಮೇಲೂ ಹುಡುಗರು ಕೇಳುವುದು ಒಂದನ್ನೇ: "ಬ್ಯಾಕ್‌ಗ್ರೌಂಡ್ ಬ್ಲರ್ ಆಗ್ತದಾ?" ಆಗುತ್ತದೆ, 50ರಲ್ಲಿ ಇನ್ನೂ ಹೆಚ್ಚು ಆಗುತ್ತದೆ. ಎರಡು ಮೀಟರ್ ದೂರದಲ್ಲಿ ಎಫ್ 1.8 ಇಟ್ಟರೆ 50ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಹನ್ನೊಂದು ಹನ್ನೆರಡು ಸೆಂಟಿಮೀಟರ್ ಮಾತ್ರ. 35ರಲ್ಲಿ ಅದರ ಎರಡರಷ್ಟು. ಅಜ್ಜಿಯ ತೊಡೆಯ ಮೇಲೆ ಮೊಮ್ಮಗ ಕೂತಿದ್ದರೆ 50ರಲ್ಲಿ ಇಬ್ಬರಲ್ಲಿ ಒಬ್ಬರ ಕಣ್ಣು ಮಸುಕಾಗುವುದು ಹೆಚ್ಚುಕಡಿಮೆ ಖಂಡಿತ. ಅವರ ಹಿಂದಿನ ಗೋಡೆಯಂತೂ ಕರಗಿ ಬರೀ ಬಣ್ಣವಾಗುತ್ತದೆ.

ಆ ಗೋಡೆಯ ಬಗ್ಗೆ ನನಗೆ ಬಹಳ ಹೇಳುವುದಿದೆ. ನಮ್ಮ ಸ್ಟುಡಿಯೋಗೆ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿಸಲು ಬರುವವರು ಬಹಳ. ಸತ್ತ ತಂದೆಯದೋ ತಾಯಿಯದೋ ಮುಖ ಬೇಕೆಂದು ಬಂದಿರುತ್ತಾರೆ. ಪರದೆಯ ಮೇಲೆ ಚಿತ್ರ ದೊಡ್ಡದಾಗುತ್ತಿದ್ದ ಹಾಗೆ ಅವರ ಕಣ್ಣು ಮುಖದಿಂದ ಪಕ್ಕಕ್ಕೆ ಸರಿಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. "ಅದು ನಮ್ಮ ಹಳೇ ಜಗಲಿ." "ಆ ರೇಡಿಯೋ ಮಾವನದು." "ಆ ಕಂಬಕ್ಕೆ ತೊಟ್ಟಿಲು ಕಟ್ಟುತ್ತಿದ್ದರು." ಒಬ್ಬರು ತಾಯಿಯ ಹಿಂದೆ ತೂಗಿದ್ದ ಕ್ಯಾಲೆಂಡರಿನ ತಿಂಗಳು ಓದಿ, ಅದು ತಾನು ಹುಟ್ಟುವ ಮುಂಚಿನ ಚಿತ್ರವೆಂದು ಕಂಡುಕೊಂಡರು. ಮುಖವನ್ನು ಅವರು ನೆನಪಿನಲ್ಲಿ ಉಳಿಸಿಕೊಂಡೇ ಇದ್ದರು. ಮರೆತುಹೋಗಿದ್ದು ಮನೆ. ಆ ಮನೆಗಳಲ್ಲಿ ಎಷ್ಟೋ ಈಗ ಇಲ್ಲ, ಅದೇ ಜಾಗದಲ್ಲಿ ತಾರಸಿ ಬಿದ್ದಿದೆ. ಆ ಚಿತ್ರ ತೆಗೆದವರಿಗೆ ಹಿನ್ನೆಲೆ ಕರಗಿಸುವ ಆಸೆ ಇದ್ದಿದ್ದರೆ ಇವರಿಗೆ ಇವತ್ತು ನೋಡಲು ಏನು ಉಳಿಯುತ್ತಿತ್ತು?

ಕೊನೆಕೊಯ್ಲಿನ ದಿನಗಳಲ್ಲಿ ಇಲ್ಲಿ ರಾತ್ರಿ ಅಡಿಕೆ ಸುಲಿಯುವುದನ್ನು ನೋಡಿದವರಿಗೆ ನನ್ನ ಮಾತು ಇನ್ನೂ ಸುಲಭವಾಗಿ ತಿಳಿಯುತ್ತದೆ. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು, ಎದುರಿಗೆ ಹಸಿ ಅಡಿಕೆಯ ರಾಶಿ, ಪಕ್ಕದಲ್ಲಿ ಸಿಪ್ಪೆಯ ಗುಡ್ಡೆ, ಮೇಲೊಂದು ಬಲ್ಬು, ಮಾತು, ನಗು. ಸುಲಿಯುವ ಯಂತ್ರ ಬಂದ ಮೇಲೆ ಈ ಸಾಲುಗಳು ಗಿಡ್ಡವಾಗುತ್ತಿವೆ. 50ರಲ್ಲಿ ಆ ಸಾಲಿನ ಒಬ್ಬಾಕೆಯ ಮುಖ ಬಹಳ ಚೆಂದ ಬರುತ್ತದೆ. ಆದರೆ ಅದೇ ಮುಖವನ್ನು ಮದುವೆ ಮನೆಯಲ್ಲೂ ತೆಗೆಯಬಹುದು, ಬಸ್ ನಿಲ್ದಾಣದಲ್ಲೂ ತೆಗೆಯಬಹುದು. 35 ಹಾಕಿಕೊಂಡು ಅವರ ಸಾಲಿನಲ್ಲೇ ಐದಾರು ಅಡಿ ಆಚೆ ನೆಲದ ಮೇಲೆ ಕೂತರೆ ಆಕೆಯ ಕೈ, ಕತ್ತಿ, ರಾಶಿ, ಏನೋ ಹೇಳಿ ನಗಿಸುತ್ತಿರುವ ಪಕ್ಕದವಳು ಎಲ್ಲರೂ ಚಿತ್ರದೊಳಗೆ ಬರುತ್ತಾರೆ. ಅಷ್ಟು ಹತ್ತಿರ ಕೂರಬೇಕಾದರೆ ತೆಗೆಯುವವರು ಮೊದಲು ಮಾತಾಡಿಸಬೇಕು, ಒಂದು ಲೋಟ ಚಹಾ ಕುಡಿಯಬೇಕು. ಚಿತ್ರಕ್ಕೆ ಅದರಿಂದ ಒಳ್ಳೆಯದೇ ಆಗುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಅವರು ಜೀವಮಾನವಿಡೀ ತೆಗೆದ ಸಾಮಾನ್ಯ ಜನರ ಚಿತ್ರಗಳನ್ನು ನೋಡಿ. ಅಲ್ಲಿನ ಮನುಷ್ಯರು ತಮ್ಮ ಬೀದಿ, ಮನೆ, ಕೆಲಸಗಳ ನಡುವೆ ಇದ್ದಾರೆ. ಅವರ ಸುತ್ತಲಿನದನ್ನು ಅಳಿಸಿದರೆ ಆ ಚಿತ್ರಗಳ ಜೀವವೇ ಹೋಗುತ್ತದೆ.

50ರ ಪರವಾಗಿರುವ ನಿಜವಾದ ವಾದ ಮುಖದ ಆಕಾರದ್ದು. ತಲೆ ಮತ್ತು ಭುಜ ಮಾತ್ರ ಚೌಕಟ್ಟು ತುಂಬಬೇಕೆಂದರೆ 35ರಲ್ಲಿ ಮೂರು ಅಡಿ ಹತ್ತಿರ ಹೋಗಬೇಕು, ಅಷ್ಟು ಹತ್ತಿರದಿಂದ ಮೂಗು ದಪ್ಪ ಕಾಣುತ್ತದೆ. 50ರಲ್ಲಿ ನಾಲ್ಕು ಅಡಿಗೂ ಆಚೆ ನಿಲ್ಲಬಹುದು, ಮುಖ ಹದವಾಗಿ ಬರುತ್ತದೆ. ಒಪ್ಪಿದೆ. ಆದರೆ ಮೂಗನ್ನು ದಪ್ಪ ಮಾಡುವುದು ದೂರ, ಲೆನ್ಸಿನ ಪಾತ್ರ ಅದರಲ್ಲಿಲ್ಲ. 35 ಹಾಕಿಕೊಂಡೇ ಅದೇ ನಾಲ್ಕು ಅಡಿಯಾಚೆ ನಿಂತು ತೆಗೆದು, ಆಮೇಲೆ ಅಂಚು ಕತ್ತರಿಸಿದರೆ ಮುಖ ಅಷ್ಟೇ ಹದವಾಗಿರುತ್ತದೆ. 24 ಮೆಗಾಪಿಕ್ಸೆಲ್ ಚಿತ್ರವನ್ನು 50ರ ಅಳತೆಗೆ ಕತ್ತರಿಸಿದರೂ 4200ಕ್ಕೆ 2800 ಪಿಕ್ಸೆಲ್ ಉಳಿಯುತ್ತದೆ. ಎ4 ಹಾಳೆಗೆ ಚೊಕ್ಕವಾಗಿ ಪ್ರಿಂಟ್ ಹಾಕಲು 3508ಕ್ಕೆ 2480 ಸಾಕು. ಹೀಗೆ 35ರ ಚಿತ್ರದೊಳಗಿಂದ 50ರ ಚಿತ್ರ ತೆಗೆದುಕೊಳ್ಳಬಹುದು. 50ರ ಚೌಕಟ್ಟಿನ ಹೊರಗೆ ಉಳಿದ ಅಜ್ಜನನ್ನು ಆಮೇಲೆ ಒಳಗೆ ತರುವ ಉಪಾಯ ಯಾರ ಬಳಿಯೂ ಇಲ್ಲ.

35ರಲ್ಲಿ ಕೊರತೆ ಇಲ್ಲವೆಂದಲ್ಲ. ನಿಕಾನ್ 35 ಡಿಎಕ್ಸ್ ಅನ್ನು ಪೂರ್ತಿ ತೆರೆದು, ಬಿಳಿ ಪಂಚೆಯನ್ನೋ ಸ್ಟೀಲ್ ಪಾತ್ರೆಯನ್ನೋ ಬಿಸಿಲಲ್ಲಿ ತೆಗೆದರೆ ಅಂಚಿನಲ್ಲಿ ನೇರಳೆ, ಹಸಿರು ಗೆರೆ ಕಾಣುತ್ತದೆ. ಎಫ್ 2.8ಕ್ಕೆ ತಂದರೆ ಬಹುಪಾಲು ಮಾಯ. ಯಕ್ಷಗಾನದ ರಂಗಸ್ಥಳದ ಮುಂದೆ ಕೂತು ಒಬ್ಬ ವೇಷಧಾರಿಯ ಮುಖವರ್ಣಿಕೆ ಹಿಡಿಯುವವರಿಗೆ, ಮಂಟಪದ ಆಚೆ ನಿಂತು ಮದುಮಗಳ ಮುಖ ಮಾತ್ರ ಬೇಕೆನ್ನುವವರಿಗೆ 50ನ್ನೇ ಕೊಡುತ್ತೇನೆ, ಅರೆಮನಸ್ಸಿನಿಂದಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನಿಕಾನ್‌ನ ಹಳೆಯ 50 ಎಫ್ 1.8 ಡಿ ಲೆನ್ಸಿನೊಳಗೆ ಮೋಟಾರು ಇಲ್ಲ. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಅದಕ್ಕೆ ಆಟೋಫೋಕಸ್ ಬರುವುದಿಲ್ಲ. 2011ರ 50 ಎಫ್ 1.8 ಜಿ ಆದರೆ ಬರುತ್ತದೆ. ಕ್ಯಾನನ್ ಎಸ್‌ಎಲ್‌ಆರ್ ಇರುವವರಿಗೆ ಕ್ರಾಪ್ ಸೆನ್ಸರಿಗೆಂದೇ ಮಾಡಿದ ಅಗ್ಗದ 35 ಎಫ್ 1.8 ಇಲ್ಲ. ಅವರಿಗೆ ನಾನು ತೋರಿಸುವುದು 24 ಎಫ್ 2.8 ಎಸ್‌ಟಿಎಂ. ಬೆಳಕು ಕಡಿಮೆಯೇ, ಆದರೂ 18-55 ಲೆನ್ಸ್ 24ರಲ್ಲಿ ಕೊಡುವುದರ ಸುಮಾರು ಎರಡರಷ್ಟು. ಸೋನಿ ಮಿರರ್‌ಲೆಸ್‌ನವರು ಸಿಗ್ಮಾದ 30 ಮತ್ತು 56, ಎರಡೂ ಎಫ್ 1.4, ಇವುಗಳ ನಡುವೆ ತಡಕಾಡುತ್ತಿರುತ್ತಾರೆ. ಮೇಲೆ ಹೇಳಿದ್ದೇ ಅಲ್ಲಿಗೂ ಅನ್ವಯ, ಮೊದಲು 30.

ನನ್ನ ಮಾತಿನ ಮೇಲೆ ಭಾರ ಹಾಕಿ ದುಡ್ಡು ಎಣಿಸಬೇಡಿ. ಕೈಯಲ್ಲಿರುವ 18-55 ಅನ್ನು 35ಕ್ಕೆ ತಿರುಗಿಸಿ, ರಿಂಗು ಅಲುಗದಂತೆ ಸೆಲೋಟೇಪ್ ಸುತ್ತಿ, ಒಂದು ವಾರ ನಿಮ್ಮ ಮನೆಯಲ್ಲೇ ಚಿತ್ರ ತೆಗೆಯಿರಿ: ಬೆಳಗಿನ ದೋಸೆ, ಮಕ್ಕಳ ಹೋಂವರ್ಕು, ಸಂಜೆ ಕೊಟ್ಟಿಗೆ. ಮುಂದಿನ ವಾರ ಟೇಪ್ ಬಿಚ್ಚಿ 50ಕ್ಕೆ ಸುತ್ತಿ. ಎರಡೂ ವಾರದ ಚಿತ್ರಗಳನ್ನು ಮನೆಯ ಹಿರಿಯರ ಮುಂದೆ ಇಟ್ಟು, ಯಾವುದರ ಬಗ್ಗೆ ಅವರು ಹೆಚ್ಚು ಹೊತ್ತು ಮಾತಾಡುತ್ತಾರೆ ಎಂದು ಗಮನಿಸಿ. ಆಮೇಲೆ ಅಂಗಡಿಗೆ ಬನ್ನಿ.