ತಾತನ ಕವಡೆಗಳು

ನಗುತ್ತ ಬಾಳಿದವರ ಸಾವಿನಲ್ಲಿ ಒಂದು ತೊಡಕುಂಟು: ಅವರನ್ನು ನೆನೆದೊಡನೆ ನಗು ಬರುತ್ತದೆ, ನಕ್ಕರೆ ತಪ್ಪೆನಿಸುತ್ತದೆ.

ನಮ್ಮ ತಾತ ಕಳೆದ ತಿಂಗಳು, ೮೬ನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೯೪೨ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ ೧೯೬೭ರಲ್ಲಿ ನಿಂತಾಗ, “ಇನ್ನು ಈ ಮನೆಗೆ ನಾನೇ ಕೊರವಂಜಿ” ಎಂದು ಸಾರಿದವರು ಅವರು. ಕೊನೆಯವರೆಗೂ ಆ ಮಾತು ನಡೆಸಿದರು.

ವೈಕುಂಠ ಸಮಾರಾಧನೆಯ ದಿನ ಅವರಿಗೆ ಪ್ರಿಯವಾದ ಹಯಗ್ರೀವ, ಆಂಬೊಡೆಗಳ ಊಟ ಮುಗಿದರೂ ಯಾರೂ ಗಟ್ಟಿಯಾಗಿ ಮಾತನಾಡಲಿಲ್ಲ. ಅಷ್ಟರಲ್ಲಿ ಅವರ ಪೆಟ್ಟಿಗೆಯಲ್ಲಿ ಚೌಕಾಬಾರದ ಕವಡೆಗಳು ಸಿಕ್ಕವು. ತಮ್ಮ ಕೈಗೆ ಒಗ್ಗಿದವೆಂದು ತಾತ ಬೇರೆಯಾಗಿಯೇ ಇಟ್ಟುಕೊಂಡಿದ್ದವು. ಮರಿಮಗು ಎಸೆಯಿತು: ನಾಲ್ಕೂ ಬೋರಲು, ಎಂಟು. ಮತ್ತೆ ಎಸೆದರೂ ಎಂಟೇ! ಎತ್ತಿ ನೋಡಿದರೆ ಕವಡೆಗಳ ಹೊಟ್ಟೆಯಲ್ಲಿ ಮೇಣ.

ಎಲ್ಲರೂ ಅಜ್ಜಿಯ ಮುಖ ನೋಡಿದೆವು. ಅರವತ್ತು ವರ್ಷ ಅವರೊಡನೆ ಆಡಿ ಸೋತವರು ಅವರೇ.

“ಮದುವೆಯಾದ ವರ್ಷವೇ ಕಂಡಿದ್ದೆ. ಗೆದ್ದಾಗ ಮಗುವಿನಂತೆ ಕುಣಿಯುತ್ತಿದ್ದರಲ್ಲ, ಅದಕ್ಕೇ ಸುಮ್ಮನಿದ್ದೆ” ಎಂದು ಅಜ್ಜಿ ಹದಿಮೂರು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು. ನಾವೂ ನಕ್ಕೆವು, ಆಮೇಲೆ ಅತ್ತೆವು.

ಸಾವಿನ ಮನೆಯಲ್ಲಿ ನಗಬಾರದೆನ್ನುವರು ಹಿರಿಯರು. ಆದರೆ, ನಗುವನ್ನೇ ಆಸ್ತಿಯಾಗಿ ಬಿಟ್ಟುಹೋದವರ ಋಣ ಬೇರೆ ಹೇಗೆ ತೀರೀತು?